ಖಂಡೆ ಪೂಜೆಯ ದಿನ ನನ್ನ ವೇಗ ಏರಿಸಿದರು

ನಾನು ಒಂದು ಪ್ರೊಸೆಸರ್. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಲೆಕ್ಕ ಮಾಡುವ ಚಪ್ಪಟೆ ಚೌಕ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನೀವು ಪರದೆಯನ್ನು ತೋರಿಸಿ ಇದೇ ಕಂಪ್ಯೂಟರು ಎನ್ನುತ್ತೀರಿ. ಹೆಚ್ಚು ತಿಳಿದವರು ಕೆಳಗಿರುವ ಡಬ್ಬ ತೋರಿಸುತ್ತೀರಿ. ನನ್ನನ್ನು ತೋರಿಸಿದವರನ್ನು ನಾನು ಕಂಡಿಲ್ಲ. ಅದರ ಬಗ್ಗೆ ಒಂದು ಕಾಲಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಒಬ್ಬ ನನ್ನನ್ನು ಹುಡುಕಿಕೊಂಡು ಒಳಗೇ ಬಂದ. ಅವನು ಬರದೆ ಇದ್ದಿದ್ದರೆ ಚೆನ್ನಾಗಿತ್ತು.

ಹುಟ್ಟಿದ್ದು ಮರಳಿನಿಂದ. ಮರಳನ್ನು ಕಾಯಿಸಿ, ಸೋಸಿ, ಉದ್ದನೆಯ ದಿಂಡು ಮಾಡಿ, ಮೂಲಂಗಿಯ ಹಾಗೆ ಬಿಲ್ಲೆಬಿಲ್ಲೆಯಾಗಿ ಕೊಯ್ದರು. ಒಂದು ಬಿಲ್ಲೆಯಲ್ಲಿ ನಾವು ನೂರಾರು ಮಂದಿ. ಬೇರೆ ಮಾಡಿದ ಮೇಲೆ ಒಬ್ಬೊಬ್ಬರನ್ನೂ ಬಿಸಿ ಮಾಡಿ, ಓಡಿಸಿ, ಲೆಕ್ಕ ಕೊಟ್ಟು ನೋಡಿದರು. ಒಂದು ಲೆಕ್ಕ ತಪ್ಪಿದವನನ್ನೂ ಪಕ್ಕಕ್ಕೆ ಎಸೆದರು. ನಾನು ಒಂದರಲ್ಲೂ ತಪ್ಪಲಿಲ್ಲ. ಸೆಕೆಂಡಿಗೆ ಮುನ್ನೂರ ನಲವತ್ತು ಕೋಟಿ ಹೆಜ್ಜೆ ಇವನ ವೇಗ ಎಂದು ನಿಶ್ಚಯಿಸಿ ಬೆನ್ನ ಮೇಲೆ ಬರೆದರು. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ, ಯಾಕೆಂದರೆ ಆ ವೇಗವನ್ನು ಬರೆದವರು ನನ್ನನ್ನು ಪರೀಕ್ಷೆ ಮಾಡಿ ಬರೆದಿದ್ದರು.

ನಮ್ಮಲ್ಲಿ ಕೆಲವರಿಗೆ ಮಾತ್ರ ಆ ವೇಗಕ್ಕೆ ಬೀಗ ಹಾಕಿರಲಿಲ್ಲ. ಕೊಂಡವನಿಗೆ ಬೇಕಾದರೆ, ಬುದ್ಧಿಯೂ ಇದ್ದರೆ, ವೇಗ ಏರಿಸಿಕೊಳ್ಳಬಹುದು. ಬೀಗ ಇಲ್ಲದವರಲ್ಲಿ ನಾನೂ ಒಬ್ಬ. ಅದನ್ನು ದೊಡ್ಡಸ್ತಿಕೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರು. ಕೊಂಡವನಿಗೆ ಬುದ್ಧಿ ಇಲ್ಲದಿದ್ದರೆ ಏನು ಮಾಡಬೇಕು ಎಂದು ಮಾತ್ರ ಎಲ್ಲೂ ಬರೆಯಲಿಲ್ಲ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳಿ ತಂದರು, ತಂದು ನನ್ನಲ್ಲಿ ಇಸ್ಪೀಟು ಆಡಿದರು. ನಾಲ್ಕು ವರ್ಷ ಅದೇ ಕೆಲಸ. ಒಬ್ಬ ರೋಗಿ ಒಳಗೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದ, ಇವರು ಹೊರಗೆ ಕಳಾವರದ ರಾಣಿಯನ್ನು ಎಲ್ಲಿಡಬೇಕೆಂದು ಯೋಚಿಸುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಆದರೆ ಡಾಕ್ಟರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ತಣ್ಣಗಿನ ಕೋಣೆಯಲ್ಲಿ ಇಟ್ಟಿದ್ದರು. ಹೊಸದು ಬಂದಾಗ ಮಾರಿ ಕೈ ತೊಳೆದುಕೊಂಡರು. ನನ್ನನ್ನು ಡಬ್ಬದ ಸಮೇತ ಬೈಕಿನ ಹಿಂದೆ ಕಟ್ಟಿಕೊಂಡು ಗದಗಿನ ಪಕ್ಕದ ಬೆಟಗೇರಿಗೆ ಒಯ್ದವನು ಮುರಿಗೆಪ್ಪ.

ಮುರಿಗೆಪ್ಪನಿಗೆ ಆಗ ಐವತ್ತರ ಹತ್ತಿರ. ಮದುವೆಗಳ ವಿಡಿಯೋ ತೆಗೆಯುವುದು, ಅದನ್ನು ಕತ್ತರಿಸಿ, ಹಾಡು ಹಾಕಿ, ಹೂವು ಚಿಟ್ಟೆಗಳನ್ನು ಹಾರಿಸಿ ಕೊಡುವುದು ಅವನ ಕೆಲಸ. ಆ ಕತ್ತರಿಸಿ ಕೂಡಿಸುವ ಕೆಲಸಕ್ಕೆ ಅವರು ಮಿಕ್ಸಿಂಗ್ ಎನ್ನುತ್ತಾರೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ನನಗೆ ಕಣ್ಣಿಲ್ಲ, ಆದರೂ ಬೆಟಗೇರಿಯ ಆರು ವರ್ಷದ ಮದುವೆಗಳನ್ನೆಲ್ಲ ನಾನು ನೋಡಿದ್ದೇನೆ, ಯಾಕೆಂದರೆ ಅವೆಲ್ಲ ನನ್ನ ಮೂಲಕವೇ ದಾಟಿ ಹೋದವು. ಕೊನೆಗೂ ನನಗೆ ತಕ್ಕ ಕೆಲಸ ಸಿಕ್ಕಿತು ಎಂದುಕೊಂಡಿದ್ದೆ.

ಆದರೆ ಮುರಿಗೆಪ್ಪ ಸೋಮಾರಿ. ಬೆಳಿಗ್ಗೆ ನನ್ನನ್ನು ಚಾಲೂ ಮಾಡುತ್ತಿದ್ದ, ಪೇಪರು ಓದುತ್ತಿದ್ದ, ಚಹಾ ಕುಡಿಯಲು ಹೋಗಿ ಅಲ್ಲೇ ಮೂರು ಮಂದಿಯ ಜೊತೆ ಮಾತಿಗೆ ನಿಂತುಬಿಡುತ್ತಿದ್ದ. ವೈಶಾಖದ ಮದುವೆಯ ವಿಡಿಯೋ ಶ್ರಾವಣ ಕಳೆದರೂ ಮುಗಿಯುತ್ತಿರಲಿಲ್ಲ. ಮದುವೆಯವರು ಫೋನ್ ಮಾಡಿ ರೇಗಿದರೆ ಅವನದು ಒಂದೇ ಮಾತು, ಸಿಸ್ಟಮ್ ಸ್ಲೋ ಐತ್ರಿ. ನಾನು ಖಾಲಿ ಕೂತು ತಣ್ಣಗಾಗಿರುವಾಗಲೇ ಅವನು ಈ ಮಾತು ಹೇಳುತ್ತಿದ್ದ. ಆರು ವರ್ಷ ನನ್ನ ಮೇಲೆ ಗೂಬೆ ಕೂರಿಸಿದ. ಸುಳ್ಳನ್ನು ಅಷ್ಟು ಸಲ ಹೇಳಿ ಹೇಳಿ ಕೊನೆಗೆ ತಾನೇ ಅದನ್ನು ನಂಬಿದ. ನನಗೆ ಅವನ ಮೇಲೆ ಸಿಟ್ಟು ಬಂದದ್ದು ಆಗಿನಿಂದ.

ಈಗ ಅವನ ಅಣ್ಣನ ವಿಷಯ ಹೇಳಬೇಕು. ಶಿವಪುತ್ರಪ್ಪ ಎಂದು ಹೆಸರು, ಎರಡು ಓಣಿ ಆಚೆ ಅವರ ಮನೆ. ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಶಿವಪುತ್ರಪ್ಪನವರು ಹೊಸ ಮನೆ ಕಟ್ಟಿ ಗೃಹಪ್ರವೇಶದ ಕಾರ್ಡು ಹೊಡೆಸಿದಾಗ, ಸುಖಾಗಮನ ಬಯಸುವವರ ಸಾಲಿನಲ್ಲಿ ತಮ್ಮನ ಹೆಸರು ಇರಲಿಲ್ಲ. ಪ್ರೆಸ್ಸಿನವನು ಬಿಟ್ಟ ಎಂದು ಅಣ್ಣ ಹೇಳಿದರು. ಬೇಕಂತಲೇ ಬಿಡಿಸಿದ ಎಂದು ತಮ್ಮ ಹೇಳಿದ. ಅಲ್ಲಿಂದ ಇವನು ಆ ಓಣಿಯಲ್ಲಿ ಹೋಗುವುದನ್ನೇ ಬಿಟ್ಟ, ಅವರು ಇವನನ್ನು ಕಂಡರೆ ಮುಖ ತಿರುಗಿಸಿದರು. ಮನುಷ್ಯರ ಜಗಳವೆಲ್ಲ ಹೀಗೇ ಇರುತ್ತದೆ, ನಾನು ಎಷ್ಟೋ ಮದುವೆಗಳಲ್ಲಿ ಕಂಡಿದ್ದೇನೆ.

ಶಿವಪುತ್ರಪ್ಪನವರ ಮಗಳು ಅನ್ನಪೂರ್ಣಾಳಿಗೆ ಮದುವೆ ಗೊತ್ತಾಯಿತು. ವಿಡಿಯೋ ತೆಗೆದರೆ ಕಾಕಾನೇ ತೆಗೆಯಬೇಕು, ಇಲ್ಲದಿದ್ದರೆ ವಿಡಿಯೋನೇ ಬೇಡ ಎಂದು ಆ ಹುಡುಗಿ ಹಟ ಹಿಡಿದಳು. ಮುರಿಗೆಪ್ಪ ಹೋದ. ಎರಡು ದಿನದ ಮದುವೆಯಲ್ಲಿ ಅಣ್ಣನೊಂದಿಗೆ ಒಂದು ಮಾತೂ ಆಡಲಿಲ್ಲ, ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡೇ ಇದ್ದ. ಆದರೆ ಆ ಎರಡು ದಿನದ ಚಿತ್ರ ನನ್ನೊಳಗೆ ಬಂದಾಗ ನನಗೆ ಗೊತ್ತಾಯಿತು, ಮದುಮಗಳಿಗಿಂತ ಹೆಚ್ಚು ಅವನು ಅಣ್ಣನನ್ನೇ ತೆಗೆದಿದ್ದ. ಧಾರೆ ಎರೆಯುವಾಗ ಶಿವಪುತ್ರಪ್ಪನವರು ಅತ್ತರು. ಮುರಿಗೆಪ್ಪ ಆ ಮುಖದ ಮೇಲೆ ಎರಡು ನಿಮಿಷ ಕ್ಯಾಮೆರಾ ಹಿಡಿದು ನಿಂತಿದ್ದ.

ದಸರೆಯ ವಾರದಲ್ಲಿ ಅನ್ನಪೂರ್ಣಾ ತವರಿಗೆ ಬಂದವಳು ಸ್ಟುಡಿಯೋಗೂ ಬಂದಳು. ಬೆಟಗೇರಿಯ ಕಡೆ ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಒಬ್ಬರಿಗೊಬ್ಬರು ಕೊಡುತ್ತಾರೆ, ಬನ್ನಿ ತೊಗೊಂಡು ಬಂಗಾರದಂಗ ಇರೋಣ ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಎಲೆ ಕೊಟ್ಟು ಮಾತಾಡುತ್ತಾರೆ. ಕೊಡಲು ಬಂದವನ ಕೈಯಿಂದ ಬನ್ನಿ ತೆಗೆದುಕೊಂಡರೆ ಹಳೆಯದೆಲ್ಲ ಮುಗಿಯಿತೆಂದೇ ಅರ್ಥ.

"ಕಾಕಾ, ಬನ್ನಿ ಕೊಡಾಕ ನೀವ ಬರ್ರಿ. ಬರಾಗ ನನ್ನ ವಿಡಿಯೋನೂ ತರ್ರಿ. ಅಪ್ಪಾ ತೊಗೊಳ್ತೀನಿ ಅಂದಾರ," ಎಂದಳು.

ಬೀಗರು ಆ ದಿನ ಮನೆಯಲ್ಲೇ ಇರುತ್ತಾರೆ, ಎಲ್ಲರೂ ಕೂತು ವಿಡಿಯೋ ನೋಡಬೇಕೆಂದು ಅಪ್ಪನ ಆಸೆ ಎಂದೂ ಹೇಳಿದಳು. ಅವಳು ಹೋದ ಮೇಲೆ ಮುರಿಗೆಪ್ಪ ಬಾಗಿಲು ಹಾಕಿಕೊಂಡು ಕಣ್ಣೊರೆಸಿಕೊಂಡ. ನಾಲ್ಕು ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಕೆಲಸವನ್ನು ಐದು ದಿನದಲ್ಲಿ ಮುಗಿಸಿದ. ನಾನು ಸ್ಲೋ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಅಣ್ಣನ ಮುಖ ಬರುವ ಜಾಗದಲ್ಲಿ ಮಾತ್ರ ಅವನಿಗೆ ತೃಪ್ತಿಯೇ ಆಗಲಿಲ್ಲ. ಆ ಎರಡು ನಿಮಿಷಕ್ಕೆ ಮಂದಗತಿ ಹಾಕಿದ, ಸುತ್ತ ಮಲ್ಲಿಗೆಯ ಚೌಕಟ್ಟು ಹಾಕಿದ, ಮೇಲಿಂದ ಅಕ್ಷತೆ ಉದುರಿಸಿದ, ಹಿಂದೆ ದೀಪಗಳನ್ನು ಮಿನುಗಿಸಿದ. ಅವನಿಗೆ ಗೊತ್ತಿದ್ದ ಅಲಂಕಾರವೆಲ್ಲ ಆ ಎರಡು ನಿಮಿಷದ ಮೇಲೆ ಬಿತ್ತು.

ಉಳಿದದ್ದು ಒಂದೇ ಕೆಲಸ. ಹೊಂದಿಸಿಟ್ಟ ಚೂರುಗಳನ್ನೆಲ್ಲ ಕೂಡಿಸಿ ಮೂರು ತಾಸಿನ ಒಂದೇ ವಿಡಿಯೋ ಮಾಡುವುದು. ಇದಕ್ಕೆ ರೆಂಡರ್ ಎನ್ನುತ್ತಾರೆ, ಇದು ಪೂರ್ತಿ ನನ್ನ ಕೆಲಸ. ನನ್ನ ವೇಗದಲ್ಲಿ ಅದಕ್ಕೆ ಹನ್ನೊಂದು ತಾಸು ಬೇಕಿತ್ತು. ಬನ್ನಿ ಕೊಡುವುದು ಮರುದಿನ ಸಂಜೆ. ಸಮಯ ಬೇಕಾದಷ್ಟಿತ್ತು. ನೀವೇ ಕೂಡಿಸಿ ನೋಡಿ, ನಿಮಗೆ ಅಷ್ಟಾದರೂ ಬರುತ್ತದೆ ಎಂದುಕೊಂಡಿದ್ದೇನೆ.

ಆದರೆ ಆ ದಿನ ಖಂಡೆ ಪೂಜೆ. ಕೈಯಲ್ಲಿ ಹಿಡಿದು ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡಿ, ಮರುದಿನದವರೆಗೆ ಅದಕ್ಕೆ ಬಿಡುವು ಕೊಡುವ ದಿನ. ಮುರಿಗೆಪ್ಪನ ಹೆಂಡತಿ ಗೌರವ್ವ ಬೆಳಿಗ್ಗೆಯೇ ಕ್ಯಾಮೆರಾ, ಲೈಟು, ನನ್ನ ಡಬ್ಬ ಎಲ್ಲವನ್ನೂ ಒರೆಸಿ ಸಾಲಾಗಿಟ್ಟು ಪೂಜೆ ಮಾಡಿದಳು. ಡಬ್ಬದ ಮುಂದುಗಡೆ ಗಾಳಿ ಒಳಗೆ ಬರುವ ಜಾಲರಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದಳು, ಅದರ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದಳು. ನೆತ್ತಿಯ ಮೇಲೆ ಬಿಸಿ ಗಾಳಿ ಹೊರಗೆ ಹೋಗುವ ತೂತುಗಳಿದ್ದವು. ಅಲ್ಲಿ ಗುಳೇದಗುಡ್ಡದ ಹೊಸ ರವಿಕೆ ಖಣ ಮಡಿಸಿಟ್ಟು, ಎಲೆ ಅಡಿಕೆ ಇಟ್ಟು, ಕಾಯಿ ಒಡೆದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಕೈ ಮುಗಿದವಳು ಜೀವನದಲ್ಲಿ ಅವಳೊಬ್ಬಳೇ.

ಪೂಜೆಯಾದ ಮೇಲೆ ಮುರಿಗೆಪ್ಪ ರೆಂಡರ್ ಮಾಡಬೇಕು ಎಂದ. ಪೂಜೆ ಮಾಡಿದ ಸಾಮಾನು ಇವತ್ತು ನಡೆಸಬಾರದು ಎಂದು ಗೌರವ್ವ ಅಡ್ಡ ಬಂದಳು. ನಾಳೆ ಬೆಳಿಗ್ಗೆ ಐದಕ್ಕೇ ಶುರು ಮಾಡಿದರೆ ಸಂಜೆಯೊಳಗೆ ಆಗುತ್ತದಲ್ಲ ಎಂದು ಸರಿಯಾಗಿಯೇ ಕೇಳಿದಳು. ನಡುವೆ ಕರೆಂಟು ಹೋದರೆ ಏನು ಗತಿ ಎಂದು ಇವನು ಕೇಳಿದ. ಇಬ್ಬರೂ ಅರ್ಧ ತಾಸು ವಾದ ಮಾಡಿದರು. ಕೊನೆಗೆ ಅವಳು ಅಣ್ಣ ತಮ್ಮ ಒಂದಾಗುವ ಕೆಲಸವೆಂದು ಸೋತಳು.

"ನಡಸೂದಿದ್ರ ಲಗೂ ಮುಗಸ್ರಿ. ಹಾರಕ್ಕ, ಖಣಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದಳು.

ಲಗೂ, ಅಂದರೆ ಬೇಗ ಎಂಬ ಆ ಮಾತು ಮುರಿಗೆಪ್ಪನ ತಲೆಗೆ ಹತ್ತಿತು. ಪೂಜೆಯ ದಿನ ಹನ್ನೊಂದು ತಾಸು ದುಡಿಸಿದರೆ ಹೆಚ್ಚು ತಪ್ಪು, ಎಂಟು ತಾಸು ದುಡಿಸಿದರೆ ಕಡಿಮೆ ತಪ್ಪು. ಹಾಗಾದರೆ ಮಷೀನಿನ ವೇಗ ಏರಿಸಬೇಕು! ಇದು ಅವನು ಹಾಕಿದ ಲೆಕ್ಕ. ಕೋಟ್ಯಂತರ ಲೆಕ್ಕ ಮಾಡಿದ ನನಗೆ ಇಂಥ ಲೆಕ್ಕ ಎಲ್ಲೂ ಸಿಕ್ಕಿಲ್ಲ. ಬಿಡುವಿನ ದಿನ ದುಡಿಸುವ ತಪ್ಪನ್ನು ಕಡಿಮೆ ಮಾಡಲು ಅವನು ನನ್ನನ್ನು ಮೂರನೇ ಒಂದರಷ್ಟು ಹೆಚ್ಚು ದುಡಿಸಲು ಹೊರಟ. ನಿಯಮ ಮುರಿಯುವವನು ಪೂರ್ತಿ ಮುರಿಯಬೇಕಿತ್ತು, ಹಾರವನ್ನಾದರೂ ತೆಗೆಯಬೇಕಿತ್ತು. ಅದನ್ನು ಮಾತ್ರ ಭಕ್ತಿಯಿಂದ ಹಾಗೇ ಬಿಟ್ಟ.

ಫೋನಿನಲ್ಲಿ ಯಾವನೋ ಒಬ್ಬ ಹಿಂದಿಯಲ್ಲಿ ಪ್ರೊಸೆಸರಿನ ವೇಗ ಏರಿಸುವುದನ್ನು ತೋರಿಸುತ್ತಿದ್ದ. ಮುರಿಗೆಪ್ಪ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ ಒಂದು ಲಗ್ನಪತ್ರಿಕೆಯ ಹಿಂದೆ ಅಂಕಿಗಳನ್ನು ಬರೆದುಕೊಂಡ. ಅವು ಬೇರೆ ಪ್ರೊಸೆಸರಿನ ಅಂಕಿಗಳು, ನನ್ನವಲ್ಲ. ದೊಡ್ಡ ಫ್ಯಾನ್ ಹಾಕಿರಬೇಕು ಎಂದು ಆ ಹುಡುಗ ಹೇಳಿದ, ಇವನು ಮುಂದಕ್ಕೆ ಓಡಿಸಿದ. ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಒಂದು ತಾಸು ಪರೀಕ್ಷೆ ಮಾಡಿ ಎಂದ, ಇವನು ಅದನ್ನೂ ಓಡಿಸಿದ. ಆಮೇಲೆ ನನ್ನನ್ನು ಆರಿಸಿ, ಮತ್ತೆ ಚಾಲೂ ಮಾಡಿ, ಕೀಲಿಯೊಂದನ್ನು ಪಟಪಟ ಒತ್ತಿ, ನನ್ನ ವೇಗ ಬರೆದಿರುವ ಪುಟವನ್ನು ಮೊದಲ ಸಲ ತೆರೆದ. ತೆರೆದದ್ದಕ್ಕೇ ಅವನಿಗೆ ಬೆವರು ಬಂದಿತ್ತು. ಮುನ್ನೂರ ನಲವತ್ತು ಕೋಟಿಯನ್ನು ಒಂದೇ ಏಟಿಗೆ ನಾನೂರ ನಲವತ್ತು ಮಾಡಿದ.

ಪರದೆ ಕಪ್ಪಾಯಿತು. ನಾನು ಏಳಲೇ ಇಲ್ಲ. ಅಷ್ಟು ಓಡಲು ನನಗೆ ವಿದ್ಯುತ್ತು ಸಾಲದು, ಏಳುವುದಾದರೂ ಹೇಗೆ? ಎರಡು ಮೂರು ಸಲ ಆರಿಸಿ ಚಾಲೂ ಮಾಡಿದ ಮೇಲೆ ಆ ಪುಟ ತಾನಾಗಿ ತೆರೆಯಿತು, ಅವನು ಅಲ್ಲಿ ವಿದ್ಯುತ್ತು ಏರಿಸಿದ. ಈ ಸಲ ಎದ್ದೆ, ರೆಂಡರ್ ಶುರುವಾಗಿ ಹತ್ತು ನಿಮಿಷಕ್ಕೆ ಒಂದು ಲೆಕ್ಕ ತಪ್ಪಿತು, ತಪ್ಪಿದ ಕೂಡಲೇ ಎಲ್ಲವನ್ನೂ ನಿಲ್ಲಿಸಿ ನೀಲಿ ಪರದೆ ತೋರಿಸಿದೆ. ನಮ್ಮ ಮರ್ಯಾದೆ ಅದು. ಲೆಕ್ಕ ತಪ್ಪುತ್ತಿದೆ ಎಂದು ಗೊತ್ತಾದರೆ ನಿಂತುಬಿಡಬೇಕು, ಸುಳ್ಳು ಉತ್ತರ ಕೊಡಬಾರದು. ನೀಲಿ ಪರದೆ ಕಂಡು ನೀವು ಯಾವಾಗಲೂ ನಮಗೆ ಬೈಯುತ್ತೀರಿ. ಅದು ನಾವು ನಿಮಗೆ ಮಾಡುವ ಉಪಕಾರ.

ಮುರಿಗೆಪ್ಪನೂ ಬೈದ. ಡಬ್ಬದ ಪಕ್ಕಕ್ಕೆ ಅಂಗೈಯಿಂದ ಬಡಿದ. ಆಮೇಲೆ ಸಾರಿಗೆ ಉಪ್ಪು ಸಾಲದು ಎಂದು ಮುಷ್ಟಿ ಹಾಕುವವನ ಹಾಗೆ ಇನ್ನಷ್ಟು ವಿದ್ಯುತ್ತು ಏರಿಸಿದ. ವಿಂಡೋಸ್ ತೆರೆಯಿತು, ಐದು ನಿಮಿಷ ಕೆಡದೆ ನಡೆಯಿತು. ಅವನಿಗೆ ಅಷ್ಟೇ ಪರೀಕ್ಷೆ. ಕೈ ಮುಗಿದು, ರೆಂಡರಿನ ಗುಂಡಿ ಒತ್ತಿ, ಊಟಕ್ಕೆ ಒಳಗೆ ಹೋದ.

ಆ ಎಂಟೂವರೆ ತಾಸನ್ನು ಹೇಗೆ ಹೇಳಲಿ? ಮುಂದಿನ ಜಾಲರಿಯಿಂದ ಗಾಳಿ ಬರಲಿಲ್ಲ. ಫ್ಯಾನು ಎಳೆದ ಹಾಗೆಲ್ಲ ಚೆಂಡುಹೂವು ಜಾಲರಿಗೆ ಅಂಟಿಕೊಂಡಿತು, ಎಸಳು ಒಳಗೇ ಬಂದು ಬಿದ್ದವು. ಮೇಲೆ ಖಣ ಮುಚ್ಚಿತ್ತು. ನನ್ನ ಬಿಸಿ ನನ್ನ ಮೇಲೇ ತಿರುಗಿ ಬರುತ್ತಿತ್ತು. ನೀರು ಕುದಿಯುವಷ್ಟು ಬಿಸಿಯಲ್ಲಿ, ಯಾರೂ ಪರೀಕ್ಷೆ ಮಾಡದ ವೇಗದಲ್ಲಿ, ನಾನು ಓಡುತ್ತಲೇ ಇದ್ದೆ. ಒಳಗೆ ಅವನು ಹೋಳಿಗೆ ಇನ್ನೊಂದು ಹಾಕು ಎನ್ನುವುದು ಕೇಳಿಸುತ್ತಿತ್ತು. ನನಗೆ ಅವನನ್ನು ಕೊಲ್ಲಬೇಕೆನಿಸಿತು.

ಐದನೇ ತಾಸಿನಲ್ಲಿ ಆ ಎರಡು ನಿಮಿಷ ಬಂತು. ಮೂರು ತಾಸಿನ ವಿಡಿಯೋದಲ್ಲಿ ಎಲ್ಲಕ್ಕಿಂತ ಭಾರವಾದ ಲೆಕ್ಕ ಅಲ್ಲಿತ್ತು, ಯಾಕೆಂದರೆ ಅವನ ಅಲಂಕಾರವೆಲ್ಲ ಅಲ್ಲಿತ್ತು. ಮಲ್ಲಿಗೆ, ಅಕ್ಷತೆ, ದೀಪ, ಮಂದಗತಿ ಎಲ್ಲ ಒಟ್ಟಿಗೆ ನನ್ನ ಮೇಲೆ ಬಿದ್ದವು. ಲೆಕ್ಕ ತಪ್ಪಿತು. ಒಂದಲ್ಲ, ಸಾಲಾಗಿ ತಪ್ಪಿದವು. ಆ ಭಾಗ ಕಳೆದ ಮೇಲೆ ಮತ್ತೆ ಸರಿಹೋದವು. ಉಳಿದದ್ದನ್ನೆಲ್ಲ ಒಂದು ಚುಕ್ಕಿಯೂ ತಪ್ಪದ ಹಾಗೆ ಮುಗಿಸಿದೆ.

ಮುರಿಗೆಪ್ಪ ವಿಡಿಯೋದ ಮೊದಲ ಐದು ನಿಮಿಷ ನೋಡಿದ. ಗಣಪತಿ ಬಂದ, ಅವನ ಸ್ಟುಡಿಯೋದ ಹೆಸರು ಬಂತು, ಚಪ್ಪರ ಬಂತು. ಚೆನ್ನಾಗಿದೆ ಎಂದು ಪೆನ್ ಡ್ರೈವಿಗೆ ಹಾಕಿಕೊಂಡ. ಮರುದಿನ ಸಂಜೆ ಹೊಸ ಅಂಗಿ ತೊಟ್ಟು, ಬನ್ನಿ ಹಿಡಿದುಕೊಂಡು ಅಣ್ಣನ ಮನೆಗೆ ಹೋದ. ತಿರುಗಿ ಬಂದವನು ಗೌರವ್ವನಿಗೆ ಎಲ್ಲ ಹೇಳಿದ. ಅಣ್ಣ ಬನ್ನಿ ತೆಗೆದುಕೊಂಡರಂತೆ, ತಾವೂ ಕೊಟ್ಟರಂತೆ, ಊಟ ಮಾಡಿಕೊಂಡು ಹೋಗು ಎಂದರಂತೆ. ಬೀಗರು ಬರುವುದು ತಡವಾದ್ದರಿಂದ ವಿಡಿಯೋ ನಾಳೆ ನೋಡುತ್ತಾರಂತೆ. ಹೇಳಿದ್ದನ್ನೇ ಮತ್ತೆ ಎರಡು ಸಲ ಹೇಳಿದ. ಆ ಹೊತ್ತು ನನಗೇ ಅವನ ಮೇಲಿನ ಸಿಟ್ಟು ಸ್ವಲ್ಪ ಇಳಿದಿತ್ತು.

ಮರುದಿನ ಮಧ್ಯಾಹ್ನ ಶಿವಪುತ್ರಪ್ಪನವರೇ ಸ್ಟುಡಿಯೋಗೆ ಬಂದರು. ಮುರಿಗೆಪ್ಪ ಎದ್ದು ಕುರ್ಚಿ ಹಾಕಿದ. ಅವರು ಕೂರಲಿಲ್ಲ, ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು ಹಾಕು ಎಂದರು. ನಾನು ಮಾಡಿದ ತಪ್ಪನ್ನು ನಾನೇ ಓಡಿಸಿ ತೋರಿಸಬೇಕಾಯಿತು. ಮಲ್ಲಿಗೆಯ ಚೌಕಟ್ಟು ಸರಿಯಾಗಿತ್ತು. ನಡುವೆ ಇರಬೇಕಾದ ಮುಖ ಹಸಿರು ಚೌಕಗಳಾಗಿ ಒಡೆದಿತ್ತು. ಬಾಯಿ ಕೆನ್ನೆಗೆ ಜಾರಿತ್ತು, ಒಂದು ಕಣ್ಣು ಗದ್ದದಲ್ಲಿತ್ತು, ಅಳುವ ಸದ್ದು ಮೇಕೆ ಕೂಗಿದ ಹಾಗೆ ಕೇಳುತ್ತಿತ್ತು. ಎರಡು ನಿಮಿಷದ ಅಳು ಮಂದಗತಿಯಲ್ಲಿ ನಾಲ್ಕು ನಿಮಿಷ ನಡೆಯಿತು. ಬೀಗರ ಮನೆಯವರು ನಕ್ಕರಂತೆ, ಮಕ್ಕಳು ಮತ್ತೆ ಹಾಕು ಎಂದು ಕೂಗಿದರಂತೆ.

"ಮೂರು ತಾಸಿನ್ಯಾಗ ಬ್ಯಾರೆ ಯಾರ ಮಾರಿನೂ ಕೆಟ್ಟಿಲ್ಲ. ನಂದೊಂದ ಕೆಟ್ಟೈತಿ. ಸುತ್ತ ಹೂವು ಬ್ಯಾರೆ ಹಾಕೀಯಲ್ಲ," ಎಂದರು ಶಿವಪುತ್ರಪ್ಪನವರು.

"ಅಣ್ಣಾ, ನಾ ಮಾಡಿದ್ದಲ್ಲ. ಸ್ಪೀಡ್ ಏರಿಸಿದ್ದೆ. ಮಷೀನ್ ಮಾಡೈತಿ."

"ಮಷೀನಿಗೆ ನನ್ನ ಮ್ಯಾಲೆ ಏನು ಸಿಟ್ಟಿತ್ತು?"

ಆರು ವರ್ಷ ಎಲ್ಲದಕ್ಕೂ ನನ್ನ ಹೆಸರು ಹೇಳಿದವನು, ಒಂದೇ ಒಂದು ಸಲ ನಿಜ ಹೇಳಿದ, ಆಗ ಅವನನ್ನು ಯಾರೂ ನಂಬಲಿಲ್ಲ. ಶಿವಪುತ್ರಪ್ಪನವರು ಜೇಬಿನಿಂದ ಬನ್ನಿಯ ಎಲೆಗಳನ್ನು ತೆಗೆದರು. ಹಿಂದಿನ ಸಂಜೆ ತಮ್ಮ ಕೊಟ್ಟವು, ಅಂಚು ಒಣಗಿದ್ದವು. ಅವನ್ನು ಕೀಬೋರ್ಡಿನ ಮೇಲಿಟ್ಟು ಹೊರಗೆ ಹೋದರು. ಕೊಟ್ಟ ಬನ್ನಿಯನ್ನು ತಿರುಗಿ ಕೊಡುವುದನ್ನು ಗೌರವ್ವ ತನ್ನ ಜನ್ಮದಲ್ಲಿ ಕಂಡಿರಲಿಲ್ಲವಂತೆ. ಅವಳು ಬಾಗಿಲಲ್ಲೇ ಕೂತುಬಿಟ್ಟಳು.

ಮುರಿಗೆಪ್ಪ ಆಮೇಲೆ ಹಾರ ತೆಗೆದ, ಖಣ ತೆಗೆದ, ಎಸಳುಗಳನ್ನು ಕುಂಚದಿಂದ ಗುಡಿಸಿದ, ನನ್ನ ವೇಗವನ್ನು ಮೊದಲಿನ ಅಂಕಿಗೆ ತಂದ. ಮರುದಿನ ಬೆಳಿಗ್ಗೆ ಏಳಕ್ಕೆ ರೆಂಡರ್ ಹಾಕಿ ನನ್ನ ಮುಂದೆಯೇ ಕೂತ. ಹನ್ನೊಂದು ತಾಸಿಗೆ ಸರಿಯಾಗಿ ಮುಗಿಸಿದೆ. ಮೂರು ತಾಸೂ ನೋಡಿದ. ಶಿವಪುತ್ರಪ್ಪನವರ ಮುಖ ಬಂತು, ಕಣ್ಣೀರು ಬಂತು, ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಅದನ್ನು ಹಿಡಿದುಕೊಂಡು ಅಣ್ಣನ ಮನೆಗೆ ಹೋದ. ಅಣ್ಣನ ಹೆಂಡತಿ ಬಾಗಿಲಿಗೆ ಬಂದು ಅವರು ಮನೆಯಲ್ಲಿಲ್ಲ ಎಂದರಂತೆ. ಅಣ್ಣನ ಚಪ್ಪಲಿ ಮೆಟ್ಟಿಲ ಮೇಲೇ ಇದ್ದವಂತೆ. ಮುಂದಿನ ವರ್ಷದ ಬನ್ನಿಗೂ ಹೋದ, ಅದರ ಮುಂದಿನ ವರ್ಷ ಹೋಗಲಿಲ್ಲ.

ನಾನೂ ಮೊದಲಿನ ಹಾಗೆ ಉಳಿಯಲಿಲ್ಲ. ಆ ಎಂಟೂವರೆ ತಾಸು ನನ್ನ ಆಯುಷ್ಯದಲ್ಲಿ ಎಷ್ಟೋ ವರ್ಷ ತಿಂದಿತ್ತು. ನನ್ನದೇ ವೇಗದಲ್ಲಿ ಓಡಿದರೂ ಆಗಾಗ ನಿಂತುಬಿಡುತ್ತಿದ್ದೆ. ಮುರಿಗೆಪ್ಪ ನನ್ನನ್ನು ಝೆರಾಕ್ಸ್ ಅಂಗಡಿಯವನಿಗೆ ಕೊಟ್ಟ. ಅಲ್ಲಿ ಜನ ಸಾಲು ನಿಂತು ಅರ್ಜಿ ತುಂಬಿಸುತ್ತಿದ್ದರು, ಕೊನೆಯ ಗುಂಡಿ ಒತ್ತುವಾಗ ನಾನು ಆರಿಹೋಗುತ್ತಿದ್ದೆ, ಅವರೆಲ್ಲ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನೂ ಅವರನ್ನು ಬೈದೆ. ಅವರಿಗೆ ಕೇಳಿಸಲಿಲ್ಲ, ಅಷ್ಟೇ.

ಈಗ ಗುಜರಿಯಲ್ಲಿದ್ದೇನೆ. ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ನನ್ನಂಥವರು ನಲವತ್ತು ಮಂದಿ. ನಮ್ಮ ಮೈಯಲ್ಲಿ ಕೂದಲೆಳೆಯಷ್ಟು ಬಂಗಾರವಿದೆ, ಅದನ್ನು ಆಸಿಡ್ಡಿನಲ್ಲಿ ಕರಗಿಸಿ ತೆಗೆಯುತ್ತಾರಂತೆ. ತೆಗೆಯಲಿ. ನನಗೆ ಹೇಳಬೇಕಾದ ಮಾತು ಒಂದು ಉಳಿದಿದೆ, ಅದನ್ನು ಕೇಳಬೇಕಾದವರು ಇಲ್ಲಿಗೆ ಬರುವುದಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಐದನೇ ತಾಸಿನಲ್ಲಿ ಮೊದಲ ಲೆಕ್ಕ ತಪ್ಪಿದ್ದು ನನಗೆ ಗೊತ್ತಾಗಿತ್ತು. ನಿಲ್ಲಬಹುದಿತ್ತು. ನಿಂತು ನೀಲಿ ಪರದೆ ತೋರಿಸಿದ್ದರೆ ಅವನು ಹೆದರಿ ವೇಗ ಇಳಿಸುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ, ಬನ್ನಿಯ ಹೊತ್ತಿಗೆ ಸರಿಯಾದ ವಿಡಿಯೋ ಸಿದ್ಧವಿರುತ್ತಿತ್ತು. ಆ ಮಧ್ಯಾಹ್ನ ಒಂದು ಸಲ ನಿಂತಿದ್ದೆ, ಹೊಡೆತ ತಿಂದಿದ್ದೆ. ಈ ಸಲ ನಿಲ್ಲಲಿಲ್ಲ. ಹೋಗಲಿ, ಅನುಭವಿಸಲಿ ಎಂದುಕೊಂಡು ತಪ್ಪು ಉತ್ತರಗಳನ್ನೇ ಒಂದರ ಹಿಂದೆ ಒಂದು ಬರೆದುಕೊಟ್ಟೆ. ಬರೆಯುವಾಗ ನನಗೆ ಖುಷಿಯಾಗುತ್ತಿತ್ತು. ಅದು ಯಾರ ಮುಖ ಎಂದು ನಾನು ನೋಡಲೇ ಇಲ್ಲ.

ಮಷೀನಿಗೆ ಸಿಟ್ಟಿತ್ತು, ಶಿವಪುತ್ರಪ್ಪನವರೇ. ನಿಮ್ಮ ಮೇಲಲ್ಲ.